ಕೈವಾರ ಬರೆಯದ ವೃತ್ತ

ಅಕ್ಷರ ಕಲಿಯುತ್ತಿರುವ ಮಗುವಿದ್ದ ಮನೆಯಲ್ಲಿ ಈ ಆಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿಯ ಬಳೆಯೊಂದನ್ನು ಸ್ಲೇಟಿನ ಮೇಲಿಟ್ಟು ಬಳಪದಿಂದ ಸುತ್ತಲೂ ಗೀಟೆಳೆದರೆ ಸೊನ್ನೆಯಾಯಿತು. ನಡುವೆ ಒಂದು ಚುಕ್ಕೆಯಿಟ್ಟರೆ, ಸ್ವಲ್ಪ ಉದಾರವಾಗಿ ನೋಡುವವರ ಪಾಲಿಗೆ, ನಮ್ಮ ‘ಠ’ಕಾರವಾಯಿತು. ಅದೇ ಸೊನ್ನೆಯ ಎಡಪಕ್ಕಕ್ಕೆ ಅಡಿಪಟ್ಟಿಯಿಂದ ಮೇಲಕ್ಕೊಂದು ಗೆರೆಯೆಳೆದರೆ ಇಂಗ್ಲಿಷಿನ ಚಿಕ್ಕ ‘ಬಿ’, ಬಲಪಕ್ಕಕ್ಕೆಳೆದರೆ ‘ಡಿ’, ಗೆರೆಯು ಮೇಲಕ್ಕೇರದೆ ಕೆಳಕ್ಕಿಳಿದರೆ ‘ಪಿ’ ಮತ್ತು ‘ಕ್ಯೂ’. ಬಳೆಯೊಂದು, ಅಡಿಪಟ್ಟಿಯೊಂದು ಕೈಯಲ್ಲಿದ್ದರೆ ಇಡೀ ವರ್ಣಮಾಲೆಯನ್ನೇ ಬರೆದುಬಿಡಬಹುದಲ್ಲವೇ?

ಈ ಪ್ರಶ್ನೆಯನ್ನು ಮಕ್ಕಳಾಟವೆಂದು ತಳ್ಳಿಹಾಕದೆ ವರ್ಷಗಟ್ಟಲೆ ಅದರ ಬೆನ್ನುಹತ್ತಿದವನು ಜರ್ಮನಿಯ ಪೌಲ್ ರೆನ್ನರ್. ೧೯೨೪ರಲ್ಲಿ ಅವನು ಗೀಚತೊಡಗಿದ ಅಕ್ಷರಗಳು ೧೯೨೭ರಲ್ಲಿ ಸೀಸದ ಅಚ್ಚುಮೊಳೆಗಳಾಗಿ ಮಾರಾಟಕ್ಕೆ ಬಂದವು. ಅವುಗಳಿಗಿಟ್ಟ ಹೆಸರು ‘ಫ್ಯೂಚುರಾ’. ಲ್ಯಾಟಿನ್ ಭಾಷೆಯಲ್ಲಿ ‘ಮುಂದೆ ಬರಲಿರುವುದು’ ಎಂದರ್ಥ. ಈ ಹೆಸರನ್ನು ಕೇಳದವರು ಅನೇಕರಿರಬಹುದು. ಆ ಅಕ್ಷರಗಳನ್ನು ಕಾಣದವರು ವಿರಳ. ಮೋಟಾರಿನ ಜಾಹೀರಾತಿನಲ್ಲಿ, ಸಿನಿಮಾ ಭಿತ್ತಿಪತ್ರದಲ್ಲಿ, ಸುಗಂಧದ್ರವ್ಯದ ಡಬ್ಬಿಯ ಮೇಲೆ ನುಣುಪಾಗಿ, ತೆಳ್ಳಗೆ, ದುಂಡಗೆ ನಿಂತ ಇಂಗ್ಲಿಷ್ ಅಕ್ಷರಗಳನ್ನು ಕಂಡು ‘ಎಷ್ಟು ಅಚ್ಚುಕಟ್ಟು!’ ಎಂದುಕೊಂಡವರು, ತಿಳಿಯದೆಯೇ, ರೆನ್ನರನ ಅಕ್ಷರವನ್ನೋ ಅದರ ಮಕ್ಕಳು ಮೊಮ್ಮಕ್ಕಳನ್ನೋ ಕಂಡಿದ್ದಾರೆ.

ರೋಮನ್ ಲಿಪಿಯ ಪುಸ್ತಕವೊಂದನ್ನು ತೆರೆದು ನೋಡಿದರೆ ಪ್ರತಿಯೊಂದು ಅಕ್ಷರದ ತುದಿಯಲ್ಲಿಯೂ ಸಣ್ಣದೊಂದು ಅಡ್ಡಗೆರೆ ಇರುವುದು ಕಾಣುತ್ತದೆ. ಕಂಬಕ್ಕೆ ಪೀಠವಿದ್ದಂತೆ ‘ಐ’ ಅಕ್ಷರದ ಕಾಲಿಗೊಂದು ಮೆಟ್ಟಿಲು, ತಲೆಗೊಂದು ಮೆಟ್ಟಿಲು. ಇದಕ್ಕೆ ಸೆರಿಫ್ ಎಂದು ಹೆಸರು. ನಮ್ಮ ತಲೆಕಟ್ಟನ್ನು ನೆನೆದು ಇದೂ ಅಂಥದೇ ಎಂದು ಭಾವಿಸಬಾರದು. ತಲೆಕಟ್ಟಿಗೆ ಅರ್ಥವಿದೆ, ಅದನ್ನು ತೆಗೆದು ಗುಡಿಸು ಕಟ್ಟಿದರೆ ‘ಕ’ ಹೋಗಿ ‘ಕಿ’ ಆಗುತ್ತದೆ. ಸೆರಿಫ್ಫನ್ನು ತೆಗೆದರೆ ‘ಐ’ ಅಕ್ಷರವು ‘ಐ’ ಆಗಿಯೇ ಉಳಿಯುತ್ತದೆ. ಅದು ಕಲ್ಲು ಕೆತ್ತುವವರ ಉಳಿಯಿಂದಲೂ ಚಪ್ಪಟೆ ಕುಂಚದಿಂದಲೂ ಬಂದ ವಂಶದ ಗುರುತು. ಈ ಗುರುತಿಲ್ಲದ ಅಕ್ಷರಕ್ಕೆ ಸಾನ್ಸ್ ಸೆರಿಫ್ ಎನ್ನುತ್ತಾರೆ. ‘ಸಾನ್ಸ್’ ಎಂದರೆ ಫ್ರೆಂಚಿನಲ್ಲಿ ‘ಇಲ್ಲದ’. ಅಂಥ ಅಚ್ಚುಮೊಳೆ ಲಂಡನ್ನಿನಲ್ಲಿ ೧೮೧೬ರ ಸುಮಾರಿಗೇ ಕಾಣಿಸಿಕೊಂಡಿತ್ತು. ಆದರೆ ಹತ್ತೊಂಬತ್ತನೆಯ ಶತಮಾನವೆಲ್ಲ ಅದರ ಬಾಳು ಅಂಗಡಿಯ ಹಲಗೆಯ ಮೇಲೆ, ಹರಾಜಿನ ಪ್ರಕಟಣೆಯ ಮೇಲೆ ಕಳೆಯಿತು. ಮರ್ಯಾದಸ್ಥ ಪುಸ್ತಕದೊಳಕ್ಕೆ ಅದಕ್ಕೆ ಪ್ರವೇಶವಿರಲಿಲ್ಲ. ೧೯೧೬ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಲಂಡನ್ನಿನ ಸುರಂಗ ರೈಲಿಗಾಗಿ ಬರೆದುಕೊಟ್ಟ ಅಕ್ಷರಗಳೇ ಅದಕ್ಕೆ ಮೊದಲು ಗೌರವವನ್ನು ತಂದವೆನ್ನಬಹುದು.

ಜರ್ಮನಿಯ ಸಮಸ್ಯೆಯೇ ಬೇರೆ. ಅಲ್ಲಿ ಒಂದೇ ಭಾಷೆಗೆ ಎರಡು ಬಗೆಯ ಅಕ್ಷರಗಳಿದ್ದವು. ಒಂದು, ಯುರೋಪಿನ ಉಳಿದ ದೇಶಗಳು ಬಳಸುತ್ತಿದ್ದ ರೋಮನ್. ಇನ್ನೊಂದು, ಮುರಿದ ಗೆರೆಗಳ, ಚೂಪು ಮೂಲೆಗಳ, ಕಪ್ಪು ದಟ್ಟಣೆಯ ಫ್ರಾಕ್ಟುರ್. ಲೂಥರನ ಬೈಬಲಿನಿಂದ ಹಿಡಿದು ಪಂಚಾಂಗದವರೆಗೆ ಮನೆಮನೆಯ ಓದು ಈ ಎರಡನೆಯದರಲ್ಲಿಯೇ. ಮಕ್ಕಳು ಎರಡನ್ನೂ ಕಲಿಯಬೇಕಾಗಿತ್ತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಚರ್ಚೆ ೧೯೧೧ರಲ್ಲಿ ಪಾರ್ಲಿಮೆಂಟಿನ ಕಟ್ಟೆಯನ್ನೂ ಹತ್ತಿ, ಇತ್ಯರ್ಥವಾಗದೆ ಇಳಿಯಿತು. ಫ್ರಾಕ್ಟುರನ್ನು ಬಿಡುವುದೆಂದರೆ ಜರ್ಮನ್‌ತನವನ್ನೇ ಬಿಟ್ಟಂತೆ ಎಂದು ನಂಬಿದವರು ಬಹುಮಂದಿ. ಲಿಪಿಯ ವಿಷಯದಲ್ಲಿ ಮನುಷ್ಯನು ಎಷ್ಟು ಬೇಗ ರೇಗುತ್ತಾನೆ ಎಂಬುದು ನಮ್ಮ ದೇಶದವರಿಗೆ ಹೊಸ ಸಂಗತಿಯಲ್ಲ.

ರೆನ್ನರ್ ಹುಟ್ಟಿದುದು ೧೮೭೮ರಲ್ಲಿ, ವೆರ್ನಿಗೆರೋಡೆ ಎಂಬ ಊರಿನಲ್ಲಿ. ಕಲಿತದ್ದು ಚಿತ್ರಕಲೆ; ಹೊಟ್ಟೆಪಾಡಿಗೆ ಹಿಡಿದದ್ದು ಮ್ಯೂನಿಕ್ ನಗರದ ಪ್ರಕಾಶಕನೊಬ್ಬನ ಪುಸ್ತಕಗಳನ್ನು ಅಂದಗೊಳಿಸುವ ಕೆಲಸ. ಹಳೆಯ ಶೈಲಿಯ ಸೊಗಸಾದ ಪುಸ್ತಕಗಳಿಗಾಗಿ ಹೆಸರಾದವನು ಅವನು; ಕ್ರಾಂತಿಕಾರನೆಂದು ಅವನನ್ನು ಯಾರೂ ಕರೆದಿರಲಿಲ್ಲ. ಅವನಿಗೆ ನಲವತ್ತಾರನೆಯ ವಯಸ್ಸು ನಡೆಯುತ್ತಿದ್ದಾಗ ಯಾಕೋಬ್ ಹೆಗ್ನರ್ ಎಂಬ ಮುದ್ರಕ-ಪ್ರಕಾಶಕನು ಅವನ ಚಿತ್ರಶಾಲೆಗೆ ಬಂದು, ಈ ಕಾಲಕ್ಕೆ ಒಪ್ಪುವ ಅಚ್ಚಕ್ಷರವೊಂದು ಬೇಕಲ್ಲ ಎಂದನು. ಮಾರನೆಯ ದಿನವೇ ರೆನ್ನರ್ ಕೆಲಸಕ್ಕೆ ಕುಳಿತನು. ಬರೆದು ನೋಡಿದ ಮೊದಲ ಮಾತೇ ‘ನಮ್ಮ ಕಾಲದ ಅಕ್ಷರ’ ಎಂಬುದು. ಹೆಗ್ನರ್ ನೋಡಿ ಮೆಚ್ಚಿದನು, ರೇಖಾಚಿತ್ರಗಳನ್ನು ತೆಗೆದುಕೊಂಡು ಹೋದನು, ಆಮೇಲೆ ಬಹುಕಾಲ ಸುದ್ದಿಯೇ ಇಲ್ಲ. ಕೊನೆಗೆ ರೆನ್ನರ್ ಅವನ್ನು ಹಿಂದಕ್ಕೆ ಪಡೆದು ಫ್ರಾಂಕ್‌ಫರ್ಟಿನ ಬೌವರ್ ಎರಕಶಾಲೆಗೆ ಕಳುಹಿಸಿದನು. ಅಲ್ಲಿದ್ದ ಹೈನ್ರಿಕ್ ಯೋಸ್ಟ್ ಒಂದು ಕಾಲಕ್ಕೆ ರೆನ್ನರನ ಶಿಷ್ಯನಾಗಿದ್ದವನು. ಒಡೆಯ ಗೇಯೋರ್ಗ್ ಹಾರ್ಟ್‌ಮನ್ ಧೈರ್ಯಸ್ಥ. ಕೆಲಸ ಕೈಗೂಡಿತು.

ಮೊದಲ ರೇಖಾಚಿತ್ರಗಳನ್ನು ಈಗ ನೋಡುವವರಿಗೆ ನಗು ಬಂದರೆ ತಪ್ಪಿಲ್ಲ. ಅವು ನಿಜಕ್ಕೂ ಬಳೆ ಮತ್ತು ಅಡಿಪಟ್ಟಿಯ ಅಕ್ಷರಗಳು. ‘ಆರ್’ ಎಂದರೆ ಒಂದು ಕಂಬ, ಅದರ ಪಕ್ಕದಲ್ಲಿ ಗಾಳಿಯಲ್ಲಿ ತೇಲುವ ಒಂದು ಗುಂಡು ಚುಕ್ಕೆ. ‘ಜಿ’ ಎಂದರೆ ವೃತ್ತದ ಕೆಳಗೆ ತಗಲಿಹಾಕಿದ ತ್ರಿಕೋಣ. ‘ಎನ್’, ‘ಎಮ್’ ಗಳಿಗೆ ಬಾಗಿದ ಭುಜವೇ ಇಲ್ಲ. ಬಾಗಿಲ ಚೌಕಟ್ಟಿನಂತೆ ಚಚ್ಚೌಕದ ಮೂಲೆಗಳು. ಲೆಕ್ಕ ಸರಿಯಾಗಿತ್ತು, ಓದುವುದು ಕಷ್ಟವಾಗಿತ್ತು. ಎರಕಶಾಲೆಯಲ್ಲಿ ಮೊಳೆಗಳನ್ನು ಎರೆದು, ಅಚ್ಚುಹಾಕಿ, ನೋಡಿ, ತಿದ್ದಿ, ಮತ್ತೆ ಎರೆಯುತ್ತ ಹೋದಂತೆ ಈ ವಿಚಿತ್ರಗಳು ಒಂದೊಂದಾಗಿ ಹಿಂದೆ ಸರಿದವು. ಹೀಗೆ ಬಿಟ್ಟುಕೊಡಲು ಒಪ್ಪಿದುದೇ ರೆನ್ನರನ ದೊಡ್ಡತನವೆಂದು ತೋರುತ್ತದೆ.

ಕಣ್ಣಿನ ಲೆಕ್ಕ

ಕಣ್ಣಿಗೂ ಕೈವಾರಕ್ಕೂ ಇರುವ ಜಗಳವನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾಗದದ ಮೇಲೆ ಎರಡು ಅಂಗುಲದ ಚೌಕವೊಂದನ್ನೂ ಪಕ್ಕದಲ್ಲಿ ಸರಿಯಾಗಿ ಎರಡೇ ಅಂಗುಲ ಅಡ್ಡಳತೆಯ ವೃತ್ತವೊಂದನ್ನೂ ಬರೆದು, ಕಪ್ಪು ತುಂಬಿ, ಗೋಡೆಗೆ ಅಂಟಿಸಿ ದೂರದಿಂದ ನೋಡಿರಿ. ವೃತ್ತವು ಚಿಕ್ಕದಾಗಿ ಕಾಣುತ್ತದೆ. ಚೌಕದ ಇಡೀ ಅಂಚು ಮೇಲಿನ ಗೆರೆಯನ್ನು ಮುಟ್ಟಿದರೆ ವೃತ್ತವು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಕಣ್ಣು ಆ ಬಿಂದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದುದರಿಂದ ಫ್ಯೂಚುರಾದ ‘ಓ’ ತನ್ನ ನೆರೆಯ ‘ಎಚ್’ ಅಕ್ಷರಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ಚಾಚಿದೆ. ‘ಎ’ ಅಕ್ಷರದ ಚೂಪು ಶಿಖರವೂ ಹಾಗೆಯೇ ಗೆರೆ ದಾಟಿ ನಿಂತಿದೆ. ಹಾಗಿದ್ದಾಗಲೇ ಎಲ್ಲವೂ ಸಮನಾಗಿ ಕಾಣುತ್ತವೆ.

ಇನ್ನೊಂದು ಮೋಸವಿದೆ. ಒಂದೇ ದಪ್ಪದ ಎರಡು ಪಟ್ಟಿಗಳಲ್ಲಿ ಒಂದನ್ನು ಅಡ್ಡಲಾಗಿ, ಒಂದನ್ನು ನೆಟ್ಟಗೆ ಇಟ್ಟರೆ ಅಡ್ಡಪಟ್ಟಿಯೇ ದಪ್ಪನಾಗಿ ಕಾಣುತ್ತದೆ. ಬಳೆಯಂತೆ ಸುತ್ತಲೂ ಸಮದಪ್ಪವಿರುವ ‘ಓ’ ಬರೆದರೆ ತಲೆ ಮತ್ತು ಬುಡಗಳಲ್ಲಿ ಊದಿಕೊಂಡಂತೆ ತೋರುತ್ತದೆ. ಆದುದರಿಂದ ಅಲ್ಲಿ ಸ್ವಲ್ಪ ಸವರಬೇಕು. ‘ಬಿ’, ‘ಡಿ’, ‘ಪಿ’ ಗಳಲ್ಲಿ ವೃತ್ತವು ಕಂಬವನ್ನು ಸೇರುವ ಕಡೆ ಇನ್ನೂ ಹೆಚ್ಚು ಸವರಬೇಕು. ಇಲ್ಲವಾದರೆ ಆ ಸಂದಿಯಲ್ಲಿ ಕಪ್ಪು ಗಡ್ಡೆಕಟ್ಟಿ, ಅಚ್ಚಿನ ಮಸಿಯೂ ಅಲ್ಲಿಯೇ ನಿಂತು, ಪುಟದ ತುಂಬ ಕಲೆಗಳು ಬಿದ್ದಂತಾಗುತ್ತದೆ. ಹೀಗೆ ಪ್ರತಿಯೊಂದು ಅಕ್ಷರದಲ್ಲಿಯೂ ಕೈವಾರದ ಮಾತನ್ನು ಅಷ್ಟಿಷ್ಟು ಮೀರಿಯೇ, ಕೈವಾರದಿಂದಲೇ ಬರೆದದ್ದೆಂಬ ಭ್ರಮೆಯನ್ನು ರೆನ್ನರ್ ಸಾಧಿಸಿದನು. ಜಗತ್ತೆಲ್ಲ ರೇಖಾಗಣಿತದ ಶಿಶುವೆಂದು ಕರೆಯುವ ಈ ಅಕ್ಷರದಲ್ಲಿ ಗಣಿತಕ್ಕೆ ಸರಿಹೊಂದುವ ವೃತ್ತವನ್ನು ಹುಡುಕುವವರಿಗೆ ನಿರಾಶೆಯೇ ಗತಿ.

ದೊಡ್ಡಕ್ಷರಗಳ ಅಳತೆಯನ್ನಂತೂ ಅವನು ಹೊಸಗಾಲದಿಂದ ತೆಗೆದುಕೊಳ್ಳಲೇ ಇಲ್ಲ. ರೋಮ್ ನಗರದ ಪ್ರಾಚೀನ ಶಾಸನಗಳಲ್ಲಿರುವಂತೆ ‘ಓ’, ‘ಸಿ’, ‘ಜಿ’ ಗಳು ಅಗಲ. ‘ಇ’, ‘ಎಫ್’, ‘ಎಲ್’ ಗಳು ಅರ್ಧ ಚೌಕದಷ್ಟು ಇಕ್ಕಟ್ಟು. ಎರಡು ಸಾವಿರ ವರ್ಷದ ಹಳೆಯ ಕಲ್ಲುಗಳ ನಡಿಗೆಯೇ ‘ಮುಂದೆ ಬರಲಿರುವ’ ಅಕ್ಷರದ ನಡಿಗೆ! ತೊಡಕಿದ್ದುದು ಚಿಕ್ಕಕ್ಷರಗಳಲ್ಲಿ. ಅವು ಹುಟ್ಟಿದುದು ಕಲ್ಲಿನಲ್ಲಲ್ಲ, ಮಧ್ಯಯುಗದ ಲೇಖಕರ ಲೇಖನಿಯಲ್ಲಿ. ಉಳಿಯ ಮಕ್ಕಳನ್ನೂ ಲೇಖನಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕಾದರೆ ಚಿಕ್ಕಕ್ಷರಗಳಿಂದ ಲೇಖನಿಯ ಬಾಲಕೊಂಕುಗಳನ್ನು ತೆಗೆಯಬೇಕೆಂದು ರೆನ್ನರ್ ಬಗೆದನು. ಅದರಿಂದಲೇ ಫ್ಯೂಚುರಾದ ‘ಜೆ’ಗೆ ಕೊಕ್ಕೆಯಿಲ್ಲ, ಅದು ತಲೆಯ ಮೇಲೆ ಚುಕ್ಕೆ ಹೊತ್ತ ನೆಟ್ಟನೆಯ ಕಡ್ಡಿ, ಚಿಕ್ಕ ‘ಎ’ ಎಂದರೆ ವೃತ್ತ ಮತ್ತು ಕಂಬ, ಅಷ್ಟೇ. ಜರ್ಮನ್ ಭಾಷೆಯಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ತೊಡಗುವುದರಿಂದ ಪುಟದ ತುಂಬ ತಲೆಯೆತ್ತಿ ನಿಂತ ಗಡಿಬಿಡಿ. ಅದನ್ನು ಅಡಗಿಸಲು ಅವನು ದೊಡ್ಡಕ್ಷರಗಳನ್ನು ‘ಬಿ’, ‘ಎಲ್’ ಮೊದಲಾದ ಚಿಕ್ಕಕ್ಷರಗಳ ಕಂಬಗಳಿಗಿಂತ ಗಿಡ್ಡವಾಗಿಸಿದನು.

ಇದೇ ಕಾಲದಲ್ಲಿ ಡೆಸಾವು ಪಟ್ಟಣದ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯಲ್ಲಿ ಹೆರ್ಬರ್ಟ್ ಬೇಯರ್ ಎಂಬ ತರುಣನು ದೊಡ್ಡಕ್ಷರಗಳೇ ಬೇಡವೆಂದು ಸಾರಿ, ೧೯೨೫ರಲ್ಲಿ ವೃತ್ತಖಂಡಗಳಿಂದಲೇ ಕಟ್ಟಿದ ‘ಸಾರ್ವತ್ರಿಕ ವರ್ಣಮಾಲೆ’ಯೊಂದನ್ನು ರಚಿಸಿದನು. ನೋಡಲು ಅದು ಫ್ಯೂಚುರಾಕ್ಕಿಂತ ದಿಟ್ಟ. ಆದರೆ ಆಗ ಅದನ್ನು ಯಾರೂ ಮೊಳೆಯಾಗಿ ಎರೆಯಲಿಲ್ಲ. ಅದು ಗೋಡೆಗಳ ಮೇಲೂ ಭಿತ್ತಿಪತ್ರಗಳ ಮೇಲೂ ಉಳಿಯಿತು. ಕಣ್ಣಿನೊಡನೆ ರಾಜಿಯಾದ ಅಕ್ಷರ ಪೇಟೆಯನ್ನು ಗೆದ್ದಿತು.

ಅಕ್ಷರಕ್ಕೆ ಜಾತಿ ಹಚ್ಚಿದವರು

ಅಷ್ಟರಲ್ಲಿ ರೆನ್ನರ್ ಮ್ಯೂನಿಕ್ಕಿನಲ್ಲಿ ಮುದ್ರಣ ವಿದ್ಯಾಲಯದ ಮುಖ್ಯಸ್ಥನಾಗಿದ್ದನು. ಯಾನ್ ಚಿಖೋಲ್ಡ್ ಎಂಬ ಪ್ರತಿಭಾಶಾಲಿ ತರುಣನನ್ನು ಅಲ್ಲಿ ಅಧ್ಯಾಪಕನನ್ನಾಗಿ ಕರೆತಂದಿದ್ದನು. ದೇಶದ ಗಾಳಿ ಕೆಡುತ್ತಿತ್ತು. ಚಪ್ಪಟೆ ಛಾವಣಿಯ ಮನೆ, ಹೊಸ ಬಗೆಯ ಚಿತ್ರ, ಸೆರಿಫ್ ಇಲ್ಲದ ಅಕ್ಷರ, ಇವೆಲ್ಲವೂ ಪರಕೀಯ, ಇವೆಲ್ಲವೂ ‘ಸಾಂಸ್ಕೃತಿಕ ಬೋಲ್ಷೆವಿಸಂ’ ಎಂದು ನಾಜಿಗಳು ಬೊಬ್ಬೆಯಿಡುತ್ತಿದ್ದರು. ರೆನ್ನರ್ ಆ ಬೈಗುಳನ್ನೇ ಶೀರ್ಷಿಕೆಯಾಗಿಸಿ, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯಿಟ್ಟು, ೧೯೩೨ರಲ್ಲಿ ಚಿಕ್ಕ ಪುಸ್ತಕವೊಂದನ್ನು ಬರೆದನು. ಜರ್ಮನಿಯಲ್ಲಿ ಅದನ್ನು ಪ್ರಕಟಿಸುವವರು ದೊರೆಯಲಿಲ್ಲ. ಅದು ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಹೊರಬಿತ್ತು.

ಮುಂದಿನ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ೧೯೩೩ರ ಮಾರ್ಚಿಯಲ್ಲಿ ಚಿಖೋಲ್ಡನನ್ನು ಹಿಡಿದು ಸೆರೆಯಲ್ಲಿಟ್ಟರು. ಏಪ್ರಿಲಿನಲ್ಲಿ ರೆನ್ನರನನ್ನೂ ಬಂಧಿಸಿದರು. ಇಬ್ಬರಿಗೂ ಬಿಡುಗಡೆಯೇನೋ ಆಯಿತು. ಚಿಖೋಲ್ಡನು ಸಂಸಾರದೊಡನೆ ಸ್ವಿಟ್ಜರ್ಲೆಂಡಿಗೆ ಹೊರಟುಹೋದನು. ರೆನ್ನರನ ಕೆಲಸ ಹೋಯಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ವಿದ್ಯಾಲಯದ ಬಾಗಿಲಿನಿಂದ ಹೊರಬಿದ್ದು, ಮುಂದೆ ದೇಶದ ದಕ್ಷಿಣದ ಅಂಚಿನಲ್ಲಿ ಕಾನ್‌ಸ್ಟನ್ಸ್ ಸರೋವರದ ಬಳಿಯ ಹ್ಯೋಡಿಂಗೆನ್ ಎಂಬ ಹಳ್ಳಿಯಲ್ಲಿ ಚಿತ್ರ ಬರೆಯುತ್ತ ಕಾಲ ಕಳೆದನು. ‘ನಮ್ಮ ಕಾಲದ ಅಕ್ಷರ’ವನ್ನು ಮಾಡಿದವನಿಗೆ ಆ ಕಾಲವು ಕೊಟ್ಟ ಸಂಭಾವನೆ ಇದು.

ಇದಕ್ಕಿಂತ ವಿಚಿತ್ರವಾದ ಸಂಗತಿ ಮುಂದಿದೆ. ೧೯೪೧ರ ಜನವರಿ ೩ರಂದು ಹಿಟ್ಲರನ ಬಲಗೈಯಾದ ಮಾರ್ಟಿನ್ ಬೋರ್ಮನ್ ಒಂದು ಸುತ್ತೋಲೆ ಹೊರಡಿಸಿದನು. ಜರ್ಮನ್‌ತನದ ಜೀವವೆಂದು ಇಷ್ಟು ದಿನ ಎತ್ತಿ ಮೆರೆಸಿದ ಆ ಮುರಿದ ಗೆರೆಯ ಅಕ್ಷರಗಳು ವಾಸ್ತವವಾಗಿ ‘ಯೆಹೂದಿ ಅಕ್ಷರ’ಗಳೆಂದೂ, ಇನ್ನು ಮುಂದೆ ರೋಮನ್ ಅಕ್ಷರವೇ ಸಾಮಾನ್ಯ ಬಳಕೆಯದೆಂದೂ ಅದರ ಸಾರಾಂಶ. ಚರಿತ್ರೆಯಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಗೆದ್ದ ದೇಶಗಳ ಜನರಿಗೆ ಫ್ರಾಕ್ಟುರ್ ಓದಲು ಬರುತ್ತಿರಲಿಲ್ಲ, ಅದೇ ನಿಜವಾದ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಫ್ರಾಕ್ಟುರನ್ನು ನಿಷೇಧಿಸಿದ ಆ ಕಾಗದದ ತಲೆಬರಹವೇ ಫ್ರಾಕ್ಟುರಿನಲ್ಲಿತ್ತು. ರೆನ್ನರನನ್ನು ಹಿಂದಕ್ಕೆ ಕರೆಯಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ.

ಕರ್ತನು ಮೂಲೆಗುಂಪಾದರೂ ಅಕ್ಷರ ದೇಶಾಂತರ ಹೊರಟಿತ್ತು. ಫ್ರಾನ್ಸಿನಲ್ಲಿ ಅದೇ ಮೊಳೆಯನ್ನು ‘ಯೂರೋಪ್’ ಎಂಬ ಹೆಸರಿನಿಂದ ಮಾರಿದರು. ಅಮೆರಿಕದ ಎರಕಶಾಲೆಗಳು ‘ಟೆಂಪೋ’, ‘ಸ್ಪಾರ್ಟನ್’ ಎಂದು ತಮ್ಮವೇ ಪಡಿಯಚ್ಚುಗಳನ್ನು ತಯಾರಿಸಿಕೊಂಡವು. ‘ವ್ಯಾನಿಟಿ ಫೇರ್’ ಎಂಬ ಅಲ್ಲಿಯ ಬೆಡಗಿನ ಮಾಸಪತ್ರಿಕೆ ೧೯೨೯ರಲ್ಲಿ ಫ್ಯೂಚುರಾವನ್ನು ತಂದು, ಶೀರ್ಷಿಕೆಗಳಲ್ಲಿ ದೊಡ್ಡಕ್ಷರಗಳನ್ನೇ ಬಿಟ್ಟು, ಕೆಲವೇ ತಿಂಗಳಲ್ಲಿ ಪುನಃ ದೊಡ್ಡಕ್ಷರಗಳಿಗೆ ಮರಳಿತು.

೧೯೫೯ರಲ್ಲಿ ಫೋಕ್ಸ್‌ವಾಗನ್ ಕಾರಿಗಾಗಿ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದು ಹೊರತಂದ ಪ್ರಕಟಣೆ ಇಂದಿಗೂ ಆ ಕಸುಬಿನವರಿಗೆ ಪಾಠ. ಪುಟವೆಲ್ಲ ಬರಿದು, ಮೂಲೆಯಲ್ಲಿ ಇರುವೆಯಷ್ಟು ಕಾರು, ಕೆಳಗೆ, ಚಿಕ್ಕದಾಗಿ ಯೋಚಿಸಿರಿ ಎಂಬರ್ಥದ ಎರಡೇ ಮಾತು, ಫ್ಯೂಚುರಾದಲ್ಲಿ. ಆ ಕಾರು ಹಿಟ್ಲರನ ಆಳ್ವಿಕೆಯಲ್ಲಿ ಹುಟ್ಟಿದುದು. ಅದನ್ನು ಅಮೆರಿಕನರಿಗೆ ಒಪ್ಪಿಸಲು ಹೊರಟ ಸಂಸ್ಥೆಯ ಮುಖ್ಯರಲ್ಲೊಬ್ಬನಾದ ವಿಲಿಯಂ ಬರ್ನ್‌ಬಾಕ್ ಯೆಹೂದಿ. ಮಾತಿಗೆ ತೊಡಿಸಿದ ಅಕ್ಷರವೋ, ಅದೇ ಆಳ್ವಿಕೆ ಕೆಲಸದಿಂದ ಕಿತ್ತುಹಾಕಿದವನದು.

ದೋಷವಿಲ್ಲದ ವಸ್ತುವಲ್ಲ ಇದು. ಫ್ಯೂಚುರಾದಲ್ಲಿ ಅಚ್ಚಾದ ಇನ್ನೂರು ಪುಟದ ಕಾದಂಬರಿಯನ್ನು ಓದಲು ಕುಳಿತವರ ಕಣ್ಣು ಬೇಗ ಸೋಲುತ್ತದೆ. ‘ಎ’, ‘ಓ’, ‘ಡಿ’, ‘ಕ್ಯೂ’ ಎಲ್ಲವೂ ಒಂದೇ ತಾಯಿಯ ಮಕ್ಕಳಂತಿದ್ದು ಒಂದನ್ನೊಂದು ಹೋಲುತ್ತವೆ. ದೊಡ್ಡ ‘ಐ’ಗೂ ಚಿಕ್ಕ ‘ಎಲ್’ಗೂ ಇರುವ ವ್ಯತ್ಯಾಸ ಗೊತ್ತಾಗುವುದಿಲ್ಲ. ಲೇಖನಿಯ ಯಾವ ಬಾಲಗಳನ್ನು ರೆನ್ನರ್ ಕತ್ತರಿಸಿದನೋ, ಅಕ್ಷರ ಅಕ್ಷರಕ್ಕೆ ಗುರುತು ಕೊಡುತ್ತಿದ್ದುದು ಅವೇ. ನಾಲ್ಕು ಮಾತಿನ ಶೀರ್ಷಿಕೆಗೆ ಅದು ರಾಜ. ನಾಲ್ಕು ನೂರು ಮಾತಿನ ಪುಟಕ್ಕೆ ಆಯಾಸ. ಆದರೂ ಅದರ ಮೇಲೆ ಜನರಿಗಿರುವ ಮೋಹ ಕಡಿಮೆಯಲ್ಲ. ಸ್ವೀಡನ್ನಿನ ಪೀಠೋಪಕರಣದ ಕಂಪನಿ ಇಕಿಯಾ ೨೦೦೯ರಲ್ಲಿ ತಾನು ದೀರ್ಘಕಾಲ ಬಳಸಿದ ಫ್ಯೂಚುರಾದ ರೂಪಾಂತರವನ್ನು ಬಿಟ್ಟು, ಕಂಪ್ಯೂಟರ್ ಪರದೆಗೆಂದು ಮಾಡಿದ ವರ್ಡಾನಾ ಎಂಬ ಅಕ್ಷರಕ್ಕೆ ಬದಲಾದಾಗ ದೇಶದೇಶಗಳಿಂದ ಪ್ರತಿಭಟನೆಯ ಅರ್ಜಿಗಳು ಬಂದವು. ಕುರ್ಚಿಯ ಬೆಲೆ ಏರಿದರೂ ಅಷ್ಟು ಗದ್ದಲವಾಗುತ್ತಿತ್ತೋ ಇಲ್ಲವೋ!

ಫ್ಯೂಚುರಾದ ವಂಶ ದೊಡ್ಡದು. ನ್ಯೂಯಾರ್ಕಿನ ಹರ್ಬ್ ಲುಬಾಲಿನ್ ೧೯೬೮ರಲ್ಲಿ ಪತ್ರಿಕೆಯೊಂದರ ಹೆಸರಿಗಾಗಿ ಬರೆದದ್ದೇ ಬೆಳೆದು ‘ಆವಾಂಟ್ ಗಾರ್ಡ್’ ಎಂಬ ಅಕ್ಷರವಾಯಿತು. ಅದರ ‘ಓ’ ಇನ್ನೂ ಅಗಲ. ಗೆರೆಗಳ ತುದಿಯ ಮೂಲೆಗಳನ್ನೂ ಉಜ್ಜಿ ಬೆರಳ ತುದಿಯಂತೆ ದುಂಡಗೆ ಮಾಡಿದ ‘ವಾಗ್ ರೌಂಡೆಡ್’ ೧೯೭೯ರಲ್ಲಿ ಅದೇ ಫೋಕ್ಸ್‌ವಾಗನ್ ಕಂಪನಿಗಾಗಿ ತಯಾರಾಯಿತು. ಆಪಲ್ ಕಂಪನಿಯ ಹಳೆಯ ಕಂಪ್ಯೂಟರುಗಳ ಕೀಲಿಗಳ ಮೇಲೆ ಬಹುವರ್ಷಗಳ ಕಾಲ ಇದ್ದುದು ಈ ಅಕ್ಷರವೇ. ಒಂದು ಕುಡಿ ನಮ್ಮ ದೇಶಕ್ಕೂ ಬಂದಿದೆ. ೨೦೧೪ರಲ್ಲಿ ಇಂಡಿಯನ್ ಟೈಪ್ ಫೌಂಡ್ರಿ ಹೊರತಂದ ‘ಪಾಪಿನ್ಸ್’ ಎಂಬುದರಲ್ಲಿ ರೋಮನ್ ಅಕ್ಷರಗಳನ್ನು ಜಾನಿ ಪಿನ್‌ಹಾರ್ನ್ ಎಂಬವರೂ ದೇವನಾಗರಿಯನ್ನು ನಿನಾದ್ ಕಾಳೆ ಎಂಬವರೂ ರೂಪಿಸಿದರು. ಶಿರೋರೇಖೆಗೆ ಜೋತುಬಿದ್ದ ಲಿಪಿಯೊಂದನ್ನು ವೃತ್ತಗಳಿಗೆ ಒಗ್ಗಿಸುವುದು ಸುಲಭವಲ್ಲ. ಬಳಸಲು ಹಣ ಕೊಡಬೇಕಾಗಿಲ್ಲವಾದುದರಿಂದ ಅದು ಬಹುಬೇಗ ಎಲ್ಲೆಡೆ ಹಬ್ಬಿತು. ಕನ್ನಡಕ್ಕೆ ಅಂಥ ಪರದಾಟವೇ ಬೇಡವೆನ್ನಬಹುದು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೀಟೆಳೆದರೆ ಗರಿ ಸೀಳುತ್ತಿತ್ತು, ಅದಕ್ಕಾಗಿಯೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹಿರಿಯರು ಹೇಳುವುದುಂಟು. ಅನುಸ್ವಾರದ ಸೊನ್ನೆಯನ್ನು ನಾವು ಯಾವ ಜರ್ಮನನಿಂದಲೂ ಕಲಿಯಬೇಕಾಗಿರಲಿಲ್ಲ.

ರೆನ್ನರ್ ೧೯೫೬ರಲ್ಲಿ ಹ್ಯೋಡಿಂಗೆನ್ನಿನಲ್ಲಿ ತೀರಿಕೊಂಡನು. ಅದಾಗಿ ಹದಿಮೂರು ವರ್ಷಕ್ಕೆ, ೧೯೬೯ರ ಜುಲೈ ತಿಂಗಳಲ್ಲಿ, ಅಪೊಲೊ ೧೧ ಚಂದ್ರನ ಮೇಲಿಳಿಯಿತು. ಇಳಿದ ನೌಕೆಯ ಏಣಿಯಿದ್ದ ಕಾಲಿಗೆ ತುಕ್ಕುಹಿಡಿಯದ ಉಕ್ಕಿನ ಫಲಕವೊಂದನ್ನು ಬಿಗಿದಿದ್ದರು. ಭೂಮಿಯ ಎರಡು ಗೋಳಾರ್ಧಗಳ ಚಿತ್ರ, ಮೂವರು ಗಗನಯಾತ್ರಿಕರ ಮತ್ತು ಅಧ್ಯಕ್ಷ ನಿಕ್ಸನ್ನನ ಸಹಿಗಳು. ನಡುವೆ, ಭೂಗ್ರಹದ ಮನುಷ್ಯರು ಇಲ್ಲಿ ಮೊದಲು ಕಾಲಿಟ್ಟರು, ಸಕಲ ಮಾನವರ ಪರವಾಗಿ ಶಾಂತಿಯಿಂದ ಬಂದರು ಎಂಬ ಒಕ್ಕಣೆ, ಫ್ಯೂಚುರಾದ ದೊಡ್ಡಕ್ಷರಗಳಲ್ಲಿ. ಆ ಕಾಲಿರುವ ಕೆಳಭಾಗವನ್ನು ಅಲ್ಲಿಯೇ ಬಿಟ್ಟು ಯಾತ್ರಿಕರು ಹಿಂದಿರುಗಿದರು. ಫಲಕವೂ ಅಲ್ಲಿಯೇ ಇದೆ. ಕಾಲು ಎಂಬುದಕ್ಕೆ ಇಂಗ್ಲಿಷಿನ ‘ಫುಟ್’ ಎಂಬ ಮಾತಿನಲ್ಲಿ ಎರಡು ‘ಓ’, ಚಂದ್ರ ಎಂಬುದಕ್ಕೆ ‘ಮೂನ್’ ಎಂಬ ಮಾತಿನಲ್ಲಿ ಎರಡು ‘ಓ’: ಒಂದೇ ವಾಕ್ಯದಲ್ಲಿ ಜೋಡಿ ಜೋಡಿಯಾಗಿ ನಿಂತ ನಾಲ್ಕು ಬಳೆಗಳು.